ಗೆಣಸಿನ ಸೂರು

ಜೂನ್ ೪

ಗುಬ್ಬಿಗೆ ಆಶೀರ್ವಾದಗಳು.

"ಫೋನ್ ಮಾಡೋಕೇನಾಗಿತ್ತು ಈ ಭಾವನಿಗೆ" ಎಂದು ನೀನು ಬೇಕರಿಯ ಗಲ್ಲಾದಲ್ಲಿ ಕೂತು ಗೊಣಗುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಫೋನಿನಲ್ಲಿ ಆಡಿದ್ದಕ್ಕೆ ದಾಖಲೆ ಇರುವುದಿಲ್ಲ ಕಣಮ್ಮ. ತೂಕ-ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಟರಾಗಿ ನಾನು ಕಲಿತದ್ದು ಇಷ್ಟು: ಬಾಯಲ್ಲಿ ಹೇಳಿದ್ದು ಗಾಳಿಗೆ, ಬರೆದದ್ದು ಫೈಲಿಗೆ. ಸೋ, ವಿತ್ ಡ್ಯೂ ರೆಸ್ಪೆಕ್ಟ್, ಬರೆಯುತ್ತಿದ್ದೇನೆ.

ವಿಷಯ ಏನೆಂದರೆ, ಮಗಳ ಕಾರ್ಡು ಬಂದಿದೆ. ಹದಿನಾಲ್ಕು ತಿಂಗಳ ಮೇಲೆ. ಸುರಂಗದ ಸರ್ವೆ ಕೆಲಸ ಒಂದು ಕಡೆ ಮುಗಿದು ಇನ್ನೊಂದು ಕಡೆಗೆ ಹೋಗುತ್ತಾಳಂತೆ. ಜುಲೈ ಹದಿನಾಲ್ಕು, ಭಾನುವಾರ, ಒಂದು ರೈಲು ಇಳಿದು ಇನ್ನೊಂದು ಹತ್ತುವ ನಡುವೆ ನಾಲ್ಕೂವರೆ ಗಂಟೆ ಬಿಡುವು. "ಊಟಕ್ಕೆ ಬರಬಹುದಾ?" ಎಂದು ಕೇಳಿದ್ದಾಳೆ. ನೋಡು, ತನ್ನ ಮನೆಗೆ ಬರಲು ಅಪ್ಪಣೆ ಕೇಳುತ್ತಾಳೆ. ಅವಳಮ್ಮ ಹೋದ ಹದಿನೈದನೇ ದಿನಕ್ಕೆ ನಾನು ಅಡುಗೆಮನೆಯ ಸಾಮಾನೆಲ್ಲ ಡಬ್ಬಕ್ಕೆ ತುಂಬಿ ಕೊಟ್ಟುಬಿಟ್ಟೆನಲ್ಲ, ಆವತ್ತು ಬಾಗಿಲಲ್ಲಿ ನಿಂತು ಅವಳು ಅಂದದ್ದು ನಿನಗೂ ನೆನಪಿದೆ: "ಈ ಮನೇಲಿ ಅಮ್ಮನದು ಅಂತ ಇನ್ನೇನೂ ಇಲ್ಲ. ನಾನ್ಯಾಕೆ ಬರ್ಲಿ?" ಬಳಸದ ಪಾತ್ರೆ ತುಕ್ಕು ಹಿಡಿಯುತ್ತದೆ, ಅದಕ್ಕೆ ಕೊಟ್ಟೆ. ಅಷ್ಟೇ ಕಾರಣ.

ಹೌಎವರ್, ನಾನು ಉತ್ಸಾಹದಲ್ಲಿ ಉತ್ತರ ಬರೆದುಬಿಟ್ಟೆ: "ಬಾ ಮಗಳೇ, ಗುಡಿಸಲು ಮಾಡಿರುತ್ತೇನೆ. ಅಮ್ಮ ಮಾಡಿದ ಹಾಗೇ, ಗ್ರಾಂ ಹೆಚ್ಚಿಲ್ಲ ಕಡಿಮೆಯಿಲ್ಲ."

ಗುಡಿಸಲು ಅಂದರೆ ನಿನಗೆ ಹೇಳಬೇಕಿಲ್ಲ. ನೀವು ಅಕ್ಕತಂಗಿಯರು ಹಾಸ್ಟೆಲಿನಲ್ಲಿದ್ದಾಗ ಮೇಟ್ರನ್ ಕಲಿಸಿದ ಕಾಟೇಜ್ ಪೈ. ಕೆಳಗೆ ಖೀಮಾ, ಮೇಲೆ ಕಿವುಚಿದ ಸಿಹಿಗೆಣಸು. ಬೇರೆಯವರು ಆಲೂಗಡ್ಡೆ ಹಾಕುತ್ತಾರಂತೆ. ನಿಮ್ಮ ಹಾಸ್ಟೆಲಿನ ಉಗ್ರಾಣದಲ್ಲಿ ಆಲೂಗಡ್ಡೆ ಸದಾ ಮೊಳಕೆ ಬಂದಿರುತ್ತಿದ್ದರಿಂದ ಮೇಟ್ರನ್ ಗೆಣಸಿಗೆ ಇಳಿದರಂತೆ. "ಕಾಟೇಜ್ ಅಂದ್ರೇನಪ್ಪ?" ಎಂದು ಮಗಳು ಚಿಕ್ಕವಳಿದ್ದಾಗ ಕೇಳಿದಳು. ಬಿ.ಎಸ್ಸಿ. ಓದಿದ ಅಪ್ಪ ಸುಮ್ಮನಿರುತ್ತಾನೆಯೇ? ಗುಡಿಸಲು ಎಂದೆ. "ಹಾಗಾದ್ರೆ ಗೆಣಸು ಅದರ ಸೂರು" ಎಂದಳು. ಅಲ್ಲಿಂದ ನಮ್ಮನೆಯಲ್ಲಿ ಅದಕ್ಕೆ ಅದೇ ಹೆಸರು.

ನಿನ್ನೆ ಮಾಡಿದೆ. ನೀನು ಆಮೇಲೆ ವಾಪಸ್ ತಂದುಕೊಟ್ಟ ನಿನ್ನಕ್ಕನ ಅಡುಗೆ ಪುಸ್ತಕ ಮುಂದಿಟ್ಟುಕೊಂಡು, ನಿನ್ನಕ್ಕನ ತಕ್ಕಡಿಯಲ್ಲೇ ತೂಗಿ. ಖೀಮಾ ೫೬೦. ಗೆಣಸು ೮೬೦. ಗೆಣಸಿಗೆ ಬೆಣ್ಣೆ ೧೦೦. ರಸ ಗಟ್ಟಿಯಾಗಲು ಮೈದಾ ೮೦. ಫಲಿತಾಂಶ: ರಸ ಪೋಸ್ಟರ್ ಅಂಟಿಸುವ ಗೋಂದಾಯಿತು. ಸೂರು ಬೆಣ್ಣೆಯಲ್ಲಿ ಈಜಿ ಓವನ್ನಿನ ತಳಕ್ಕೆ ಇಳಿಯಿತು. ಒಬ್ಬನೇ ತೀರ್ಪು ಕೊಡಬಾರದೆಂದು ಕೆಳಮನೆಯ ಟೈಲರನ್ನು ಕರೆದೆ.

"ಸಾರ್, ಇದನ್ನ ತಿನ್ನೋದಾ, ಕಾಲರಿಗೆ ಹಾಕೋದಾ?" ಎಂದ.

"ತಿನ್ನಯ್ಯ ಸುಮ್ಮನೆ."

"ಒಳ್ಳೇ ಗಂಜಿ ಹಿಡಿದಿದೆ ಸಾರ್. ಇಸ್ತ್ರಿ ಹೊಡೆದ್ರೆ ಕಡ್ಡಿ ಹಾಗೆ ನಿಲ್ಲುತ್ತೆ."

ನನಗೆ ಅನುಮಾನ ಶುರುವಾದದ್ದು ಅಲ್ಲಿ. ಮೊದಲು ಮಾಂಸದಂಗಡಿಯವನ ಮೇಲೆ. ಅವನ ಖೀಮಾ ಮನೆಗೆ ತಂದು ತೂಗಿದೆ, ಸರಿಯಿದೆ. ಆಮೇಲೆ ಓವನ್ನಿನ ಮೇಲೆ. ಥರ್ಮಾಮೀಟರ್ ಇಟ್ಟು ನೋಡಿದೆ, ಸರಿಯಿದೆ. ಆಮೇಲೆ ಪುಸ್ತಕದ ಮೇಲೆ. ಯಾವ ಗೃಹಿಣಿ ೫೬೦ ಗ್ರಾಂ ಖೀಮಾ ಬರೆಯುತ್ತಾಳೆ? ಅರ್ಧ ಕೆಜಿ ಅನ್ನುತ್ತಾರೆ, ಮುಕ್ಕಾಲು ಅನ್ನುತ್ತಾರೆ. ಭೂತಗನ್ನಡಿ ಹಿಡಿದು ನೋಡಿದೆ. ಬೆಣ್ಣೆಯ ಮುಂದಿನ ೧೦೦ರಲ್ಲಿ ಒಂದರ ಅಂಕಿ ಸ್ವಲ್ಪ ವಾರೆಯಾಗಿದೆ, ಆಮೇಲೆ ಸೇರಿಸಿದ ಹಾಗೆ. ಪುಸ್ತಕ ಎರಡು ತಿಂಗಳು ನಿನ್ನ ಮನೆಯಲ್ಲಿತ್ತು. ನಾನು ಏನೂ ಹೇಳುತ್ತಿಲ್ಲ. ಐ ಆಮ್ ಓನ್ಲಿ ಸ್ಟೇಟಿಂಗ್.

ಕಾಲೇಜಿನಲ್ಲಿ ನಮ್ಮ ಫಿಸಿಕ್ಸ್ ಮೇಷ್ಟ್ರು ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ದಿನಾ ಒಂದು ಮಾತು ಹೇಳುತ್ತಿದ್ದರು: "ಜೆಂಟಲ್‌ಮೆನ್, ಬಿಫೋರ್ ಯು ವೇ ಎನಿಥಿಂಗ್, ಫಸ್ಟ್ ಸೀ ದ..." ಏನು ನೋಡು ಅಂದರೋ ಮರೆತಿದೆ. ಬಹುಶಃ 'ಪರ್ಸನ್' ಇರಬೇಕು. ಸರ್ವಿಸಿನಲ್ಲಿ ನಾನು ಅದನ್ನೇ ಪಾಲಿಸಿದೆ. ತಕ್ಕಡಿಗಿಂತ ಮೊದಲು ತಕ್ಕಡಿಯ ಹಿಂದೆ ಕೂತವನ ಮುಖ ನೋಡುತ್ತಿದ್ದೆ.

ನಿಜವಾದ ಲೆಕ್ಕ ಯಾವುದು, ತಿಳಿಸು. ಭಾನುವಾರಕ್ಕೆ ನಲವತ್ತು ದಿನ ಇದೆ.

ಇಂತಿ,
ನಿನ್ನ ಭಾವ
(ಇನ್‌ಸ್ಪೆಕ್ಟರ್, ನಿವೃತ್ತ)


ಜೂನ್ ೧೩

ಭಾವನವರಿಗೆ ನಮಸ್ಕಾರ.

ಕಾಗದ ಬಂತು. ಎರಡು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೇ ಸಲ ಬರಲಿಲ್ಲ.

ಅಕ್ಕನ ಪುಸ್ತಕ ಮುಟ್ಟಿ ಅಂಕಿ ತಿದ್ದುವಷ್ಟು ನನಗೆ ಬಿಡುವಿಲ್ಲ ಭಾವ. ದಿನಾ ಇನ್ನೂರು ಬನ್ನು ಆಗಬೇಕು. ಒಂದರ ಅಂಕಿ ವಾರೆಯಾಗಿದ್ದರೆ ಒಲೆ ಪಕ್ಕ ನಿಂತು ಬರೆದಿರ್ತಾಳೆ. ಒಲೆ ಮುಂದೆ ಯಾರ ಕೈ ನೆಟ್ಟಗಿರುತ್ತೆ? ನಿಂತು ಒಂದು ದಿನ ನೋಡಿ.

ಅಕ್ಕನ ಪುಸ್ತಕದ ಪ್ರಕಾರ ಅಕ್ಕನ ತಕ್ಕಡಿಯಲ್ಲೇ ತೂಗಿದರೆ ಸರಿಯಾಗಿ ಬರಲೇಬೇಕು. ಅದಕ್ಕೇ ಅವೆರಡನ್ನೂ ಒಟ್ಟಿಗೆ ಇಟ್ಟುಕೊಳ್ಳಿ ಅಂತ ತಂದುಕೊಟ್ಟಾಗ ಹೇಳಿದ್ದೆ. ಪಾತ್ರೆ ಸಮೇತ ತೂಗಿದಿರಾ? ಕೈ ಒದ್ದೆ ಇತ್ತಾ? ಗೆಣಸನ್ನ ಬೇಯಿಸಿ ನೀರು ಬಸಿಯದೆ ಹಾಗೇ ಕಿವುಚಿದಿರಾ? ಗೆಣಸು ಆಲೂಗಡ್ಡೆ ಹಾಗಲ್ಲ, ಬೇಯಿಸಿದರೆ ನೀರು ಕುಡಿಯುತ್ತೆ. ಸಿಪ್ಪೆ ಸಮೇತ ಓವನ್ನಿನಲ್ಲೇ ಸುಟ್ಟು ಆಮೇಲೆ ಸುಲಿಯಿರಿ.

ಅಷ್ಟಕ್ಕೂ ಬರದಿದ್ದರೆ ನನ್ನ ಲೆಕ್ಕ ಕೆಳಗೆ ಬರೆದಿದ್ದೀನಿ. ಅದೇ ಮೇಟ್ರನ್ ಕಲಿಸಿದ್ದು, ಅದೇ ಪೈ. ಖೀಮಾ ೫೦೦. ಗೆಣಸು ೮೦೦. ಬೆಣ್ಣೆ ೪೦. ಮೈದಾ ೨೦. ಕಣ್ಣು ಮುಚ್ಚಿಕೊಂಡು ಮಾಡಿ.

ಭಾನುವಾರ ನಾನೂ ಬರ್ತೀನಿ. ಮಗುನ ನೋಡಿ ನನಗೂ ಹದಿನಾಲ್ಕು ತಿಂಗಳಾಯ್ತು.

ಇಂತಿ,
ಗುಬ್ಬಿ
(ಈಗ ಎಂಬತ್ತೆರಡು ಕೆಜಿ. ಬೇಕಾದರೆ ಬಂದು ತೂಗಿ ಸೀಲ್ ಹಾಕಿ.)


ಜೂನ್ ೨೧

ಗುಬ್ಬಿಗೆ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್.

ನಿನ್ನ ತಮಾಷೆ ಓದಿದೆ. ಕೆಲಸಕ್ಕೆ ಬರೋಣ.

ಗೆಣಸನ್ನು ನೀನು ಹೇಳಿದ ಹಾಗೆ ಸುಟ್ಟೆ. ಕೈ ಒರೆಸಿಕೊಂಡೆ. ಪಾತ್ರೆ ಇಡದೆ ತೂಗಿದೆ. ಅಂಕಿ ಮಾತ್ರ ಪುಸ್ತಕದ್ದೇ. ಮತ್ತೆ ಗೋಂದು, ಮತ್ತೆ ಬೆಣ್ಣೆಯ ಕೆರೆ. ಟೈಲರ್ ಈ ಸಲ ಬಾಗಿಲೇ ತೆಗೆಯಲಿಲ್ಲ. "ಸಾರ್, ಊಟ ಆಯ್ತು" ಎಂದ ಒಳಗಿನಿಂದ. ಆಗ ಬೆಳಗಿನ ಹನ್ನೊಂದು ಗಂಟೆ.

ಆಮೇಲೆ ನಿನ್ನ ಪಟ್ಟಿಯನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ಕೂತೆ. ಒಂದಾದರೂ ತಾಳೆಯಾಗಬೇಡವೇ? ಖೀಮಾದಲ್ಲಿ ಶೇಕಡ ಹನ್ನೆರಡು ವ್ಯತ್ಯಾಸ. ಗೆಣಸಿನಲ್ಲಿ ಏಳೂವರೆ. ಬೆಣ್ಣೆಯಲ್ಲಿ ನೂರೈವತ್ತು. ಮೈದಾದಲ್ಲಿ ಮುನ್ನೂರು! ಕೈತಪ್ಪಿನಿಂದ ಆಗುವ ತಪ್ಪಿಗೆ ಒಂದು ಪ್ರಮಾಣ ಇರುತ್ತದೆ. ಇದಕ್ಕೆ ತಲೆಯೂ ಇಲ್ಲ, ಬುಡವೂ ಇಲ್ಲ. ನನ್ನ ಸರ್ವಿಸಿನಲ್ಲಿ ಇಂಥದ್ದಕ್ಕೆ ಒಂದೇ ಅರ್ಥ: ಯಾರೋ ಬೇಕೆಂದೇ ಮಾಡಿದ್ದಾರೆ. ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬರು ಸುಳ್ಳು ಬರೆದಿದ್ದಾರೆ. ಸತ್ತವಳಿಗೆ ಸುಳ್ಳು ಹೇಳಿ ಆಗಬೇಕಾದ್ದೇನಿದೆ?

ನಿನಗೆ ಕಾರಣ ಇದೆ. ಬರೆದೇಬಿಡುತ್ತೇನೆ. ಇಪ್ಪತ್ತೆಂಟು ವರ್ಷದ ಕೆಳಗೆ ನಿನ್ನ ಬೇಕರಿಯ ಬ್ರೆಡ್ಡು ನಾನೂರು ಗ್ರಾಮಿಗೆ ಇಪ್ಪತ್ತು ಕಡಿಮೆ ಬಂತು. ನಾದಿನಿ ಎಂದು ನಾನು ಬಿಡಲಿಲ್ಲ. ನೋಟಿಸ್ ಅಂಟಿಸಿದೆ, ಮೂರು ದಿನ ಬಾಗಿಲು ಮುಚ್ಚಿಸಿದೆ. ನೀನು ಒಂದು ಮಾತೂ ಆಡಲಿಲ್ಲ. ಬೈದವರನ್ನು ನಾನು ನಂಬುತ್ತೇನೆ, ಸುಮ್ಮನಿದ್ದವರನ್ನು ನಂಬುವುದಿಲ್ಲ. ಅಲ್ಲಿಂದಾಚೆ ಒಂದು ಸಂಗತಿ ಗಮನಿಸಿದ್ದೇನೆ. ನಮ್ಮನೆಯಲ್ಲಿ ಗುಡಿಸಲು ಮಾಡಿದ ದಿನ ನೀನು ಊಟಕ್ಕಿದ್ದರೆ, ನಾನು ಮೊದಲ ತುತ್ತು ತಿಂದು "ಭೇಷ್" ಎಂದ ಕೂಡಲೇ ನೀನೂ ನಿನ್ನಕ್ಕನೂ ಒಬ್ಬರ ಮುಖ ಒಬ್ಬರು ನೋಡದೆ ತಟ್ಟೆಯೊಳಗೆ ಮುಖ ಹುದುಗಿಸುತ್ತಿದ್ದಿರಿ. ಒಂದು ಸಲವಲ್ಲ, ಪ್ರತಿ ಸಲ. ಏನಿತ್ತು ಆ ತಟ್ಟೆಯಲ್ಲಿ? ಕೇಳಬೇಕೆಂದುಕೊಂಡು ಕೇಳದೇ ಉಳಿದೆ. ಅವಳೀಗ ಇಲ್ಲ.

ಇನ್ನೊಂದು. ತಕ್ಕಡಿಯ ವಿಷಯ. ಮದುವೆಯಾದ ಹೊಸತರಲ್ಲಿ ನಾನೇ ಆರಿಸಿ ತಂದುಕೊಟ್ಟ ಮುಳ್ಳಿನ ತಕ್ಕಡಿ ಅದು, ದುಂಡು ಮುಖದ್ದು. ಅದನ್ನವಳು ಎಷ್ಟು ಜೋಪಾನ ಮಾಡಿದ್ದಳೆಂದರೆ, ಕೆಲಸವಿಲ್ಲದಾಗ ಅದರ ಮೇಲೆ ಸದಾ ನಿಂಬೆಹಣ್ಣಿನ ಬಟ್ಟಲು ಇಟ್ಟಿರುತ್ತಿದ್ದಳು. "ತಕ್ಕಡಿ ಏನು ಶೆಲ್ಫೇನೇ?" ಎಂದರೆ, "ನಿಮ್ಮ ತಕ್ಕಡಿ ನೀವು ನೋಡಿಕೊಳ್ಳಿ, ನನ್ನದು ನಾನು" ಎನ್ನುತ್ತಿದ್ದಳು. ಅಂಥದ್ದು ನಿನ್ನ ಮನೆಯಲ್ಲಿ ಎರಡು ತಿಂಗಳಿದ್ದು ವಾಪಸ್ ಬರುವಾಗ ಮುಳ್ಳು ಸೊನ್ನೆಯ ಮೇಲಿರಲಿಲ್ಲ. ಬೀಳಿಸಿದ್ದೀಯ, ಹೇಳಿಲ್ಲ. ನಾನೂ ಕೇಳಲಿಲ್ಲ. ಬಂದ ದಿನವೇ ಹಿಂಬದಿ ಬಿಚ್ಚಿ, ಸ್ಪ್ರಿಂಗ್ ಬಿಗಿಮಾಡಿ, ಮುಳ್ಳು ಸೊನ್ನೆಗೆ ತಂದು, ಹಿತ್ತಾಳೆಯ ತೂಕದ ಬಟ್ಟಿನಿಂದ ಪರೀಕ್ಷಿಸಿ, ನನ್ನದೇ ಹಳೇ ಸೀಸದ ಸೀಲ್ ಹಾಕಿ ಇಟ್ಟೆ. ಅವಳಿಗೆಂದು ನಾನು ಮಾಡಬಹುದಾಗಿದ್ದ ಕೆಲಸ ಅದೊಂದೇ ಉಳಿದಿತ್ತು. ಅದರಲ್ಲಿ ತಪ್ಪು ಹುಡುಕಬೇಡ.

ಕುಂಬಳಕಾಯಿ ಕಳ್ಳ ಅಂದರೆ ಯಾರು ಹೆಗಲು ಮುಟ್ಟಿಕೊಂಡರು ಎನ್ನುವುದನ್ನು ನಿನ್ನ ಪತ್ರ ಹೇಳುತ್ತದೆ. ನೀನು ಭಾನುವಾರ ಬರುವುದು ಬೇಡ. ಅಪ್ಪ-ಮಗಳು ಇದ್ದದ್ದನ್ನು ತಿನ್ನುತ್ತೇವೆ.

ಯುವರ್ಸ್ ಫೇತ್‌ಫುಲಿ,
ಭಾವ


ಜೂನ್ ೨೭

ಅಪ್ಪಾ,

ಚಿಕ್ಕಮ್ಮನಿಗೆ ಏನು ಬರೆದಿರಿ? ಫೋನ್ ಮಾಡಿದ್ದೆ. "ಭಾನುವಾರ ಬೇಕರಿಯಲ್ಲಿ ಕೆಲಸ ಇದೆ ಪುಟ್ಟಾ" ಅಂದರು. ಭಾನುವಾರ ಬೇಕರಿಗೆ ರಜಾ ಅಂತ ನನಗೆ ಗೊತ್ತಿಲ್ಲವಾ? ಎಷ್ಟು ಕೇಳಿದರೂ ಬೇರೆ ಮಾತು ಬರಲಿಲ್ಲ.

ನಾಲ್ಕೂವರೆ ಗಂಟೆಗೋಸ್ಕರ ಬರ್ತಿರೋದು ನಾನು. ಅಮ್ಮ ಇಲ್ಲ, ಅಮ್ಮನ ಪಾತ್ರೆ ಇಲ್ಲ, ಈಗ ಅಮ್ಮನ ತಂಗಿಯನ್ನೂ ಡಬ್ಬಕ್ಕೆ ತುಂಬಿ ಕಳಿಸಿದರೆ ನಾನು ಸ್ಟೇಷನ್ನಿನಲ್ಲೇ ಕೂತು ಬನ್ನು ತಿಂದು ಮುಂದಿನ ರೈಲು ಹತ್ತುತ್ತೀನಿ. ಸಿಟ್ಟಿನಿಂದ ಬರೀತಿಲ್ಲ. ಹಾಗೇ ಆಗುತ್ತೆ ಅಂತ ಮೊದಲೇ ಹೇಳ್ತಿದೀನಿ.

ಮಾತ್ರೆ ತಗೊಳ್ತಿದ್ದೀರಾ?

ನಿಮ್ಮ ಮಗಳು


ಜುಲೈ ೩

ಗುಬ್ಬಿಗೆ,

ನಿನ್ನಿಂದ ಉತ್ತರ ಇಲ್ಲ. ಸರಿ. ಬರೆಯಬೇಡ. ಆದರೆ ಓದು.

ಮೊನ್ನೆ ನಿನ್ನ ಪಟ್ಟಿಯ ಪ್ರಕಾರ ಮಾಡಿದೆ. ಬೇಕಾಗಿ ಮಾಡಿದ್ದಲ್ಲ. ಅದು ಕೆಡುತ್ತದೆ, ಕೆಟ್ಟದ್ದನ್ನು ಮಗಳಿಗೆ ತೋರಿಸಿ "ನೋಡು, ನಿನ್ನ ಚಿಕ್ಕಮ್ಮನ ಕೆಲಸ" ಎನ್ನಬಹುದು ಎಂದು ಮಾಡಿದೆ. ಐದುನೂರು, ಎಂಟುನೂರು, ನಲವತ್ತು, ಇಪ್ಪತ್ತು. ತೂಗುವಾಗ ನನ್ನಲ್ಲೇ ನಗುತ್ತಿದ್ದೆ.

ಓವನ್ ತೆಗೆದಾಗ ನಗು ನಿಂತಿತು. ಸೂರು ನಿಂತಿತ್ತು. ಅಂಚಿನಲ್ಲಿ ಕೆಂಪಗೆ, ನಡುವೆ ಫೋರ್ಕಿನಲ್ಲಿ ಎಳೆದ ಗೆರೆಗಳ ತುದಿ ಮಾತ್ರ ಕಪ್ಪಗೆ. ಚಮಚ ಹಾಕಿದರೆ ಕೆಳಗಿನ ರಸ ಒಮ್ಮೆ ಗುಳುಕ್ ಎಂದು ಮೇಲೆ ಬಂದು ಮತ್ತೆ ಇಳಿಯಿತು. ವಾಸನೆಗೇ ಟೈಲರ್ ಮೇಲೆ ಬಂದ, ಕರೆಯದೆ.

"ಇದು ಬೇರೆ ಸಾರ್."

"ಏನು ಬೇರೆ?"

"ಇದು ಅಮ್ಮಾವ್ರು ಕಳಿಸ್ತಿದ್ರಲ್ಲ, ಅದು."

ನಾನು ಎದ್ದು ಕಿಟಕಿ ತೆಗೆಯಲು ಹೋದೆ. ಅಡುಗೆಮನೆಯಲ್ಲಿ ಸೆಕೆ ಜಾಸ್ತಿ.

ಹಾಗಾದರೆ ನಿನ್ನ ಮೇಲಿನ ಆರೋಪ ಬಿದ್ದುಹೋಯಿತು. ಕೇಸ್ ಡಿಸ್ಮಿಸ್ಡ್. ಕ್ಷಮಿಸು ಎನ್ನುವ ಮಾತು ನನಗೆ ಇಂಗ್ಲಿಷಿನಲ್ಲೂ ಸರಿಯಾಗಿ ಬರುವುದಿಲ್ಲ, ಬರುತ್ತದೆ ಎಂದು ತಿಳಿದುಕೋ.

ಆದರೆ ಗುಬ್ಬಿ, ಇದರಿಂದ ನನಗೆ ನೆಮ್ಮದಿಯಾಗಲಿಲ್ಲ. ಅನುಮಾನ ಎನ್ನುವುದು ಕಂಬಳಿಹುಳದ ಕೂದಲಿದ್ದ ಹಾಗೆ, ಇಲ್ಲಿ ಕಿತ್ತರೆ ಅಲ್ಲಿ ತುರಿಸುತ್ತದೆ. ನೀನು ಬರೆದದ್ದು ನಿಜವಾದರೆ ಪುಸ್ತಕದಲ್ಲಿರುವುದು ಸುಳ್ಳು. ಮತ್ತೆ ಭೂತಗನ್ನಡಿ ಹಿಡಿದೆ. ತಿದ್ದಿದ್ದಲ್ಲ, ಎಲ್ಲ ಅಂಕಿಯೂ ಅವಳದೇ ಕೈ, ಒಂದೇ ಶಾಯಿ. ಬೇರೆ ಪುಟಗಳನ್ನೂ ತಿರುವಿದೆ. ಕೇಕಿಗೆ ಸಕ್ಕರೆ ೨೬೦. ಬಿಸ್ಕತ್ತಿಗೆ ಬೆಣ್ಣೆ ೧೮೫. ಇಡೀ ಪುಸ್ತಕವೇ ಹಾಗೆ. ಆ ಕೈಯಿಂದ ನಾನು ಇಷ್ಟು ವರ್ಷ ಉಂಡಿದ್ದೇನೆ, ಒಂದು ದಿನ ಒಂದು ಪದಾರ್ಥ ಕೆಟ್ಟದ್ದಿಲ್ಲ. ಅಂದರೆ ಸರಿಯಾದದ್ದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪು ಬರೆದಿಟ್ಟಳು.

ಯಾಕೆ? ಯಾರು ಓದಬಾರದೆಂದು? ಮನೆಯಲ್ಲಿ ಓದಲು ಇದ್ದವನು ನಾನೊಬ್ಬ.

ಆಸ್ಪತ್ರೆಯಲ್ಲಿ ಕೊನೆಯ ವಾರ ಅವಳು, "ಪುಸ್ತಕ ಗುಬ್ಬಿಗೆ ಕೊಡಿ" ಅಂದಳು. ನೀವಿಟ್ಟುಕೊಳ್ಳಿ ಅನ್ನಲಿಲ್ಲ. ನಾನು ಆಗ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಈಗ ಹಾಕಿಕೊಂಡಿದ್ದೇನೆ, ಇಳಿಯುತ್ತಿಲ್ಲ. ಊರಿನ ತಕ್ಕಡಿಯನ್ನೆಲ್ಲ ನಂಬದೆ ಬದುಕಿದವನು ಮನೆಗೆ ಬಂದು ಒಂದು ಕೈಯನ್ನು ನಂಬಿ ಉಂಡೆ. ಆ ಕೈ ನನ್ನನ್ನು ನಂಬಿರಲಿಲ್ಲವೇ? ಮಗಳು ಎದುರಿಗೆ ಕೂತು, "ಅಮ್ಮನ ಪುಸ್ತಕದಿಂದ ಮಾಡಿದ್ದಾ ಅಪ್ಪ?" ಎಂದರೆ ನಾನು ಏನೆನ್ನಲಿ? ಅಮ್ಮನ ಪುಸ್ತಕ ಸುಳ್ಳು ಮಗಳೇ, ಚಿಕ್ಕಮ್ಮನ ಚೀಟಿ ನಿಜ ಎನ್ನಲೇ?

ನಿನಗೆ ಗೊತ್ತಿದ್ದರೆ ಹೇಳು. ಕೆಟ್ಟದ್ದಾದರೂ ಹೇಳು.

ಭಾವ


ಜುಲೈ ೮

ಭಾವ,

ನಿಮಗೆ ಬರೆಯಬಾರದು ಅಂತ ಒಲೆ ಮುಟ್ಟಿ ಆಣೆ ಮಾಡಿದ್ದೆ. ನನ್ನ ಮೇಲೆ ನೀವು ಏನು ಹೊರಿಸಿದ್ದರೂ ಬರೆಯುತ್ತಿರಲಿಲ್ಲ. ಅಕ್ಕನ ಮೇಲೆ ಹೊರಿಸಿದಿರಿ ನೋಡಿ, ಅದಕ್ಕೆ ಬರೆಯುತ್ತಿದ್ದೀನಿ. ಅವಳಿಗೆ ಕೊಟ್ಟ ಮಾತು ಮುರೀತಿದ್ದೀನಿ, ಆ ಪಾಪ ನಿಮ್ಮ ತಟ್ಟೆಗೆ.

ತಕ್ಕಡಿಯನ್ನ ನೀವು ರಿಪೇರಿ ಮಾಡಿದಿರಿ ಅಂತ ಜೂನ್ ಇಪ್ಪತ್ತೊಂದರ ಕಾಗದದಲ್ಲಿ ಓದಿದ ಕೂಡಲೇ ನನಗೆ ಎಲ್ಲ ಗೊತ್ತಾಯ್ತು. ಆದರೆ ಅದೇ ಕಾಗದದಲ್ಲಿ "ಬರುವುದು ಬೇಡ" ಅಂತಲೂ ಇತ್ತಲ್ಲ. ಒದ್ದಾಡಲಿ ಅಂತ ಬಿಟ್ಟೆ. ಅದು ನನ್ನ ತಪ್ಪು.

ಆ ಮುಳ್ಳು ನನ್ನ ಮನೇಲಿ ಕೆಟ್ಟದ್ದಲ್ಲ. ಇಪ್ಪತ್ತೆಂಟು ವರ್ಷದಿಂದ ಕೆಟ್ಟೇ ಇತ್ತು.

ನೀವು ನನ್ನ ಬಾಗಿಲಿಗೆ ನೋಟಿಸ್ ಅಂಟಿಸಿದ ದಿನ ನಾನು ಅಳ್ತಾ ಅಕ್ಕನ ಹತ್ತಿರ ಬಂದೆ. ಅಡುಗೆಮನೇಲಿ ನೆಲದ ಮೇಲೆ ಕೂತಿದ್ದೆವು. ನಿಮ್ಮ ಮಗಳಿಗೆ ಆಗ ನಾಲ್ಕು ವರ್ಷ. ನಾವಿಬ್ಬರೂ ಮಾತಾಡ್ತಾ ಇದ್ದಾಗ ಅವಳು ಸ್ಟೂಲ್ ಹತ್ತಿ, "ನಾನೆಷ್ಟು ಗ್ರಾಂ ಅಮ್ಮಾ?" ಅಂತ ಆ ತಕ್ಕಡಿ ಮೇಲೆ ಕೂತುಬಿಟ್ಟಳು. ಮುಳ್ಳು ಗಿರ್ರಂತ ಒಂದು ಸುತ್ತು ಹೋಯ್ತು. ಅವಳನ್ನ ಇಳಿಸಿದ ಮೇಲೆ ವಾಪಸ್ ಬಂತು, ಆದರೆ ಸೊನ್ನೆಗೆ ಬರಲಿಲ್ಲ. ಖಾಲಿ ತಟ್ಟೆ, ಅರವತ್ತು ಗ್ರಾಂ. "ಅವರು ಬರಲಿ, ಐದು ನಿಮಿಷದಲ್ಲಿ ಸರಿಮಾಡ್ತಾರೆ" ಅಂದಳು ಅಕ್ಕ.

ನೀವು ಬಂದಿರಿ. ನಾನು ಒಳಗಿರೋದು ನಿಮಗೆ ಗೊತ್ತಿಲ್ಲ. ಹಜಾರದಲ್ಲಿ ಬೂಟು ಬಿಚ್ಚುತ್ತಾ, "ಇವತ್ತು ನಿನ್ನ ತಂಗಿ ಅಂಗಡಿಗೆ ನೋಟಿಸ್ ಹಾಕಿದೆ. ಲಾ ಈಸ್ ಲಾ. ಕಾಫಿ ಕೊಡು" ಅಂದಿರಿ. ಅಕ್ಕ ಕಾಫಿ ಪಾತ್ರೆ ಒಲೆ ಮೇಲಿಟ್ಟಳು. ಆಮೇಲೆ ನಿಂಬೆಹಣ್ಣಿನ ಬಟ್ಟಲು ತಗೊಂಡು, ಮುಳ್ಳು ಕೆಟ್ಟದ್ದು ನಿಮಗೆ ಗೊತ್ತಾಗದ ಹಾಗೆ ತಕ್ಕಡಿ ಮೇಲೆ ಇಟ್ಟಳು. ನನ್ನ ಕಡೆ ತಿರುಗಿ ಮೆಲ್ಲಗೆ, "ಅವರ ಲಾ ಹೊರಗಿರಲಿ ಕಣೇ. ಈ ಅಡುಗೆಮನೇಲಿ ಅರವತ್ತು ಗ್ರಾಂ ನಂದು" ಅಂದಳು. ಕಣ್ಣೀರು ಒರೆಸ್ಕೊಳ್ತಿದ್ದ ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಅವತ್ತಿಂದ ಅವಳು ಬರೆದ ಪ್ರತಿ ಅಂಕಿ ಆ ಮುಳ್ಳು ತೋರಿಸಿದ್ದು. ನನ್ನ ಪಟ್ಟಿಗೂ ಅವಳ ಪಟ್ಟಿಗೂ ಶೇಕಡ ಲೆಕ್ಕ ಹಾಕಿದಿರಲ್ಲ ಭಾವ, ಒಂದು ಸಲ ಕಳೆದು ನೋಡಬಾರದಿತ್ತಾ? ಎರಡನೇ ಕ್ಲಾಸಿನ ಮಗು ಕಳೆಯುತ್ತೆ.

ಮತ್ತೆ ಆ ತಟ್ಟೆ ನೋಡೋ ವಿಷಯ. ಊರಿಗೆಲ್ಲ ಸೀಲ್ ಹಾಕೋರು, ಸುಳ್ಳು ತಕ್ಕಡಿಯಲ್ಲಿ ತೂಗಿದ್ದನ್ನ ತಿಂದು "ಭೇಷ್" ಅನ್ನೋರು. ಆಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದರೆ ಮನೆ ಹಾರಿಹೋಗೋ ಹಾಗೆ ನಗ್ತಿದ್ದೆವು. ಅಷ್ಟೇ ಇದ್ದದ್ದು. ನಿಮ್ಮ ಮೇಲೆ ನಂಬಿಕೆ ಇಲ್ಲದೆ ಅಲ್ಲ. ಅವಳಿಗೆ ನಿಮ್ಮಿಂದ ಬಚ್ಚಿಟ್ಟುಕೊಳ್ಳೋಕೆ ಇದ್ದದ್ದು ಅದೊಂದೇ, ಆ ಒಂದನ್ನ ಅವಳು ತುಂಬ ಇಷ್ಟಪಟ್ಟಳು. "ಪುಸ್ತಕ ಗುಬ್ಬಿಗೆ ಕೊಡಿ" ಅಂದದ್ದು ಅದರ ಗುಟ್ಟು ನನಗೊಬ್ಬಳಿಗೆ ಗೊತ್ತು ಅಂತ. ಅದು ನಿಮ್ಮ ಮನೇಲೇ ಇರಲಿ ಅಂತ ನಾನೇ, ನೀವು ಡಬ್ಬಕ್ಕೆ ಹಾಕಿದ್ದ ತಕ್ಕಡಿಯನ್ನೂ ಎತ್ತಿಟ್ಟು, ಎರಡನ್ನೂ ಸೇರಿಸಿ ತಂದುಕೊಟ್ಟೆ. ನೀವು ಸರಿ ಮಾಡಿಬಿಡ್ತೀರಿ ಅಂತ ನನಗೆ ಹೊಳೀಲಿಲ್ಲ. ಹೊಳೀಬೇಕಿತ್ತು.

ಗುಬ್ಬಿ


ಜುಲೈ ೧೧

ಗುಬ್ಬೀ,

ಮೊದಲು ಸಿಟ್ಟು ಬಂತು. ಸುಳ್ಳು ಬರೆಯುವುದಿಲ್ಲ. ಇಪ್ಪತ್ತೆಂಟು ವರ್ಷ! ಊರಿಗೆಲ್ಲ ದೀಪ ಹಿಡಿದವನ ಬುಡದಲ್ಲೇ ಕತ್ತಲು. ನಿನ್ನ ಕಾಗದವನ್ನು ಮಡಿಚಿ ಡಬ್ಬದಲ್ಲಿಟ್ಟೆ, ತೆಗೆದೆ, ಇಟ್ಟೆ. ಆಮೇಲೆ ಅಡುಗೆಮನೆಯ ನೆಲದ ಮೇಲೆ, ನೀವಿಬ್ಬರೂ ಕೂತಿದ್ದಿರಬೇಕಾದ ಜಾಗದಲ್ಲಿ ಕೂತೆ. ಅಲ್ಲಿ ಕೂತರೆ ಹಜಾರದಲ್ಲಿ ಬೂಟು ಬಿಚ್ಚುವವನ ಕಾಲು ಮಾತ್ರ ಕಾಣಿಸುತ್ತದೆ, ಮುಖ ಕಾಣಿಸುವುದಿಲ್ಲ. ಒಳ್ಳೆಯದೇ ಆಯಿತು.

ಒಲೆಯಿಂದ ಇಳಿದ ಬ್ರೆಡ್ಡು ಆರಿದರೆ ತೂಕ ಇಳಿಯುತ್ತದೆ, ಅದು ನಿನಗೆ ನೋಟಿಸ್ ಹಾಕಿದ ದಿನವೂ ನನಗೆ ಗೊತ್ತಿತ್ತು. ಬಿಸಿಯಲ್ಲಿ ತೂಗಿದ್ದೀಯಾ, ಆರಿಸಿ ತೂಗಿದ್ದೀಯಾ ಎಂದು ಕೇಳಬಹುದಿತ್ತು. ನಿನ್ನ ಮುಖ ನೋಡಿದೆ, ಕೇಳಲಿಲ್ಲ. ತಡವಾಗಿ ಬರೆಯುತ್ತಿದ್ದೇನೆ, ಫೈಲಿಗಿರಲಿ.

ಮೇಷ್ಟ್ರ ಮಾತು ನೆನಪಾಯಿತು. 'ಪರ್ಸನ್' ಅಲ್ಲ ಮಾರಾಯ್ತಿ. "ಫಸ್ಟ್ ಸೀ ದ ಝೀರೋ, ಜೆಂಟಲ್‌ಮೆನ್." ತೂಗುವ ಮೊದಲು ಸೊನ್ನೆ ನೋಡು. ಝೀರೋ ಎರರ್ ಎಂದು ಅದಕ್ಕೊಂದು ಪಾಠವೇ ಇತ್ತು. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ ಬೇರೆ. ಯಾವ ತಕ್ಕಡಿ ಎಷ್ಟು ಕೂಡಿಸಿ ಹೇಳುತ್ತದೋ ಅಷ್ಟನ್ನು ಕಳೆದರೆ ಮುಗಿಯಿತು, ತಕ್ಕಡಿಯನ್ನು ಕೊಲ್ಲಬೇಕಿಲ್ಲ.

ನಿನ್ನೆ ಬೆಳಗ್ಗೆ ಇಕ್ಕಳ ತಂದು ನನ್ನ ಸೀಲ್ ಕತ್ತರಿಸಿದೆ. ಸರ್ವಿಸಿನಲ್ಲಿ ಸೀಲ್ ಮುರಿದವರನ್ನು ಹಿಡಿದಿದ್ದೇನೆ, ಮುರಿದದ್ದು ಇದೇ ಮೊದಲು. ಸೀಸ ಇಷ್ಟು ಮೆದು ಎಂದು ಗೊತ್ತಿರಲಿಲ್ಲ. ಹಿಂಬದಿ ಬಿಚ್ಚಿ ಸ್ಕ್ರೂ ತಿರುಗಿಸಿದೆ. ಖಾಲಿ ತಟ್ಟೆಗೆ ಮುಳ್ಳು ಐವತ್ತೆರಡಕ್ಕೆ ಬಂತು. ಅರವತ್ತೆಂಟಕ್ಕೆ ಹಾರಿತು. ಅರವತ್ತೊಂದು. ಕನ್ನಡಕ ಒರೆಸಿಕೊಂಡು ಕೂದಲೆಳೆಯಷ್ಟು ಹಿಂದೆ ತಿರುಗಿಸಿದೆ. ಅರವತ್ತು. ನೂರರ ಬಟ್ಟು ಇಟ್ಟೆ, ನೂರರವತ್ತು ತೋರಿಸಿತು. ಐದುನೂರು ಇಟ್ಟೆ, ಐದುನೂರರವತ್ತು. ಎಂಥ ಅಚ್ಚುಕಟ್ಟಾದ ಸುಳ್ಳು! ನನ್ನ ಕೈಯಿಂದ ಇಷ್ಟು ನಿಖರವಾದ ಕೆಲಸ ಸರ್ವಿಸಿನಲ್ಲೂ ಆಗಿರಲಿಲ್ಲ.

ಆಮೇಲೆ ಅವಳ ಪುಸ್ತಕ ತೆರೆದಿಟ್ಟು, ಕಳೆಯದೆ ಕೂಡಿಸದೆ, ಬರೆದದ್ದು ಬರೆದ ಹಾಗೆ ತೂಗಿ ಮಾಡಿದೆ. ಟೈಲರ್ ಎರಡು ಸಲ ಹಾಕಿಸಿಕೊಂಡ. "ಸಾರ್, ಭಾನುವಾರ ನಂಗೂ..." ಎಂದು ಶುರುಮಾಡಿದ. ಭಾನುವಾರ ಇಲ್ಲಪ್ಪ, ಸೋಮವಾರ ಬಾ ಎಂದೆ.

ಇದರ ಜೊತೆ ಒಂದು ನೋಟಿಸ್ ಲಗತ್ತಿಸಿದ್ದೇನೆ. ಇಲಾಖೆಯ ನಮೂನೆ ಇರಲಿಲ್ಲ, ನೋಟ್‌ಬುಕ್ಕಿನ ಹಾಳೆಯಲ್ಲೇ ಬರೆದಿದ್ದೇನೆ: "ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಮನೆಯ ಅಡುಗೆಮನೆಯಲ್ಲಿದ್ದ ತಕ್ಕಡಿಯನ್ನು ಅದರ ಒಡತಿಯ ಒಪ್ಪಿಗೆಯಿಲ್ಲದೆ ಸರಿಪಡಿಸಿದ ಅಪರಾಧಕ್ಕಾಗಿ ಸದರಿ ಮನೆಯ ನಿವೃತ್ತ ಇನ್‌ಸ್ಪೆಕ್ಟರನು ಭಾನುವಾರ ಮಧ್ಯಾಹ್ನ ತನ್ನ ನಾದಿನಿಯ ಮುಂದೆ ಖುದ್ದಾಗಿ ಹಾಜರಾಗತಕ್ಕದ್ದು." ನೀನು ಬಾರದಿದ್ದರೆ ಆರೋಪಿ ಯಾರ ಮುಂದೆ ಹಾಜರಾಗಬೇಕು? ಹನ್ನೊಂದು ಗಂಟೆಗೆ ಸ್ಟೇಷನ್ನಿನ ಹತ್ತಿರ ಬಾ, ಇಬ್ಬರೂ ಸೇರಿ ಅವಳನ್ನು ಕರೆತರೋಣ. ನೀನು ಬರುತ್ತೀಯ ಎಂದು ಮಗಳಿಗೆ ಬರೆದುಬಿಟ್ಟಿದ್ದೇನೆ. ಈ ಸಲವೂ ಉತ್ಸಾಹದಲ್ಲಿ.

ತಕ್ಕಡಿ ಈಗ ಅದರ ಜಾಗದಲ್ಲಿದೆ. ನಿಂಬೆಹಣ್ಣು ತಂದಿದ್ದೇನೆ, ಬಟ್ಟಲು ಮಾತ್ರ ಇಟ್ಟಿಲ್ಲ. ಮಗಳು ಮೊದಲು ಆ ಖಾಲಿ ತಟ್ಟೆಯನ್ನೂ ಮುಳ್ಳನ್ನೂ ನೋಡಲಿ. ಅಮ್ಮನದು ಏನೂ ಇಲ್ಲ ಅಂದೆಯಲ್ಲ ಮಗಳೇ, ಅರವತ್ತು ಗ್ರಾಂ ಇದೆ, ನೀನೇ ಕೂತು ಮಾಡಿದ್ದು ಎನ್ನುತ್ತೇನೆ. ಆಮೇಲೆ ಬಟ್ಟಲನ್ನು ಅವಳೇ ಇಡಲಿ.

ಊಟಕ್ಕೆ ಕೂತಾಗ ನಾನು ಮೊದಲ ತುತ್ತಿಗೆ "ಭೇಷ್" ಎನ್ನುತ್ತೇನೆ. ರೂಢಿ, ಬಿಡಲಾಗುವುದಿಲ್ಲ. ನೀನು ತಟ್ಟೆ ನೋಡಬೇಡ ಗುಬ್ಬಿ. ಎದುರಿಗೆ ನಿನ್ನಕ್ಕನ ಕುರ್ಚಿ ಖಾಲಿ ಇರುತ್ತದೆ, ಗೊತ್ತು. ಪಕ್ಕದಲ್ಲಿ ನಾನಿರುತ್ತೇನೆ. ನನ್ನ ಮುಖ ನೋಡಿಯೇ ನಗು.

ಇಂತಿ,
ನಿನ್ನ ಭಾವ